ಹುಡುಕು, ಬದಲಿಸು: ಊರಿನ ಹೆಸರುಗಳಿಗೊಂದು ಸೂತ್ರ

ಚಾಮರಾಜನಗರ ಜಿಲ್ಲೆಯ ಸಾವಿರಾರು ವಿಳಾಸಗಳ ಪಟ್ಟಿಯೊಂದು ನಿಮ್ಮ ಗಣಕಯಂತ್ರದಲ್ಲಿದೆ ಎಂದುಕೊಳ್ಳಿ. ಬೆರಳಚ್ಚು ಮಾಡಿದವರು ಹಲವರು. ಹಾಗಾಗಿ ಒಂದೆಡೆ ‘ಕೊಳ್ಳೇಗಾಲ’, ಇನ್ನೊಂದೆಡೆ ‘ಕೊಳ್ಳೆಗಾಲ’. ಒಬ್ಬರು ‘ಯಳಂದೂರು’ ಎಂದರೆ ಮತ್ತೊಬ್ಬರು ‘ಎಳಂದೂರು’. ಓದುವ ನಮಗೆ ಎರಡೂ ಒಂದೇ. ಗಣಕಕ್ಕೆ ಮಾತ್ರ ಅವು ಬೇರೆ ಬೇರೆ ಊರುಗಳು! ಎಣಿಕೆ ತಪ್ಪುತ್ತದೆ, ಪಟ್ಟಿಯಲ್ಲಿ ಇದ್ದವರ ಹೆಸರು ಹುಡುಕಿದಾಗ ಸಿಗುವುದಿಲ್ಲ.

ಇಂತಹ ಕಡೆ ನೆರವಿಗೆ ಬರುವುದೇ ‘ರೆಗ್ಯುಲರ್ ಎಕ್ಸ್‌ಪ್ರೆಶನ್’. ಇದನ್ನು ಮಾದರಿ ಸೂತ್ರ ಎನ್ನೋಣ. ಒಂದು ಪದವನ್ನಲ್ಲ, ಪದದ ಮಾದರಿಯನ್ನು ಹುಡುಕು ಎಂದು ಗಣಕಕ್ಕೆ ಹೇಳುವ ವಿಧಾನವಿದು. ನರಕೋಶಗಳ ಜಾಲವನ್ನು ಗಣಿತದಲ್ಲಿ ವಿವರಿಸಲು ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ಈ ಕಲ್ಪನೆಯನ್ನು ರೂಪಿಸಿದರು. ಪಠ್ಯ ಹುಡುಕಲು ಇದನ್ನು ಬಳಸುವ ಕ್ರಮವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಇಂದು ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಹುಡುಕು-ಬದಲಿಸು ಕಿಟಕಿಯಲ್ಲೂ ಈ ಸೌಲಭ್ಯವಿದೆ.

ಮೊದಲ ಹೆಜ್ಜೆ: ಕಾಗುಣಿತ

ಚೌಕ ಆವರಣದೊಳಗಿನ ಅಕ್ಷರಗಳಲ್ಲಿ ಯಾವುದಾದರೂ ಒಂದು ಇರಬಹುದು ಎಂದರ್ಥ. ಲಂಬ ಗೆರೆ ಎಂದರೆ ‘ಅಥವಾ’.

[ಯಎ]ಳಂದೂರು
ಕೊ(ಳ್ಳೆ|ಳ್ಳೇ)ಗಾಲ

ಈ ಸೂತ್ರಗಳು ಎರಡೆರಡು ರೂಪಗಳನ್ನೂ ಹಿಡಿಯುತ್ತವೆ. ಅವುಗಳ ಜಾಗದಲ್ಲಿ ‘ಯಳಂದೂರು’, ‘ಕೊಳ್ಳೇಗಾಲ’ ಎಂದು ಬದಲಿಸಿದರೆ ಪಟ್ಟಿ ಏಕರೂಪವಾಗುತ್ತದೆ.

ಎರಡನೆಯ ಹೆಜ್ಜೆ: ತಾಲ್ಲೂಕು

2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದು. ಅದಕ್ಕೆ ಮೊದಲು ಅದು ಕೊಳ್ಳೇಗಾಲ ತಾಲ್ಲೂಕಿನ ಭಾಗ. ಹಳೆಯ ಪಟ್ಟಿಯಲ್ಲಿ ‘ಕೊಳ್ಳೇಗಾಲ ತಾಲ್ಲೂಕು’ ಎಂದಿದ್ದುದನ್ನೆಲ್ಲ ‘ಹನೂರು ತಾಲ್ಲೂಕು’ ಎಂದು ಬದಲಿಸಿದರೆ ಏನಾಗುತ್ತದೆ? ಕಸಬಾ, ಪಾಳ್ಯ ಹೋಬಳಿಗಳ ಜನರೂ ಹನೂರಿಗೆ ಸೇರಿಬಿಡುತ್ತಾರೆ! ಆದ್ದರಿಂದ ಹೋಬಳಿಯನ್ನು ನೋಡಿ ಬದಲಿಸಬೇಕು:

ಹುಡುಕು: (ಹನೂರು|ರಾಮಾಪುರ|ಲೊಕ್ಕನಹಳ್ಳಿ) ಹೋಬಳಿ, ಕೊಳ್ಳೇಗಾಲ ತಾಲ್ಲೂಕು
ಬದಲಿಸು: $1 ಹೋಬಳಿ, ಹನೂರು ತಾಲ್ಲೂಕು

ಆವರಣದೊಳಗೆ ಸಿಕ್ಕಿದ ಹೆಸರನ್ನು ಗಣಕ ನೆನಪಿಟ್ಟುಕೊಳ್ಳುತ್ತದೆ. $1 ಇರುವಲ್ಲಿ ಅದನ್ನೇ ಮರಳಿ ಬರೆಯುತ್ತದೆ. ಮೂರು ಹೋಬಳಿಗಳಿಗೆ ಒಂದೇ ಸೂತ್ರ ಸಾಕು.

ಮೂರನೆಯ ಹೆಜ್ಜೆ: ಪಿನ್‌ಕೋಡ್

ಹನೂರಿನ ಪಿನ್ 571439, ಕೊಳ್ಳೇಗಾಲದ್ದು 571440, ಯಳಂದೂರಿನದು 571441. ಕೆಲವರು ‘571 440’ ಎಂದು ಬಿಡಿಸಿ ಬರೆದಿರುತ್ತಾರೆ.

ಹುಡುಕು: ^571 ?(439|440|441)$
ಬದಲಿಸು: 571$1

ಪ್ರಶ್ನೆ ಚಿಹ್ನೆಯು ಅದರ ಹಿಂದಿನ ಖಾಲಿ ಜಾಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುತ್ತದೆ. ಹುಡುಕುವ ಸೂತ್ರದಲ್ಲಿ ^ ಎಂದರೆ ಆರಂಭ, $ ಎಂದರೆ ಕೊನೆ. ಇವೆರಡನ್ನು ಬಿಟ್ಟರೆ, ಹತ್ತು ಅಂಕಿಯ ದೂರವಾಣಿ ಸಂಖ್ಯೆಯ ನಡುವೆ ಇದೇ ಅಂಕಿಗಳು ಬಂದಾಗ ಅದನ್ನೂ ಪಿನ್ ಎಂದೇ ಗಣಕ ತಿಳಿಯುತ್ತದೆ.

ಕಣ್ಣಿಗೆ ಕಾಣದ ತೊಡಕು

ಸೂತ್ರ ಸರಿಯಿದ್ದೂ ಕೆಲವು ‘ಕೊಳ್ಳೇಗಾಲ’ ಸಿಗದಿರಬಹುದು. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ಳ್ಳೇ’ಯ ದೀರ್ಘಕ್ಕೂ ಹೀಗೆಯೇ ಎರಡು ದಾರಿ. ಅಂದರೆ ಪರದೆಯ ಮೇಲೆ ಒಂದೇ ಆಗಿ ಕಾಣುವ ಈ ಹೆಸರು ಒಳಗೆ ನಾಲ್ಕು ಬಗೆಯಲ್ಲಿರಬಹುದು! ಮೊದಲು ಪಠ್ಯವನ್ನು ‘ಎನ್‌ಎಫ್‌ಸಿ’ ಎಂಬ ಪ್ರಮಾಣಿತ ರೂಪಕ್ಕೆ ತಂದುಕೊಳ್ಳುವುದೇ ಇದಕ್ಕೆ ಪರಿಹಾರ. ಪೈಥಾನ್ ಮುಂತಾದ ಭಾಷೆಗಳಲ್ಲಿ ಈ ಕೆಲಸಕ್ಕೆ ಸಿದ್ಧ ಆದೇಶವಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳ ಕಡತವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಎಲ್ಲಿ ಬದಲಿಸಬಾರದು?

ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆ ಮೇಲೆ ಮೈಸೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. 1985ರ ಜನನ ದಾಖಲೆಯಲ್ಲಿ ‘ಮೈಸೂರು ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ, ಅಂದಿನ ಸತ್ಯ. ಇಂದಿನ ವಿಳಾಸವನ್ನು ತಿದ್ದಬಹುದು, ಅಂದಿನ ದಾಖಲೆಯನ್ನು ತಿದ್ದಬಾರದು. ಈ ವ್ಯತ್ಯಾಸ ಸೂತ್ರಕ್ಕೆ ತಿಳಿಯದು, ನಮಗೆ ತಿಳಿದಿರಬೇಕು.

ಆದ್ದರಿಂದ ಮೂಲ ಕಡತದ ಪ್ರತಿಯೊಂದನ್ನು ತೆಗೆದಿಡಿ. ಮೊದಲು ‘ಹುಡುಕು’ ಮಾತ್ರ ಬಳಸಿ, ಸಿಕ್ಕಿದ್ದನ್ನು ಓದಿ ನೋಡಿ. ‘ಎಲ್ಲವನ್ನೂ ಬದಲಿಸು’ ಗುಂಡಿ ಒತ್ತುವುದು ಆಮೇಲೆ.