ಆನೆಗೆ ಕೆಂಪು ಹಚ್ಚಿದರೆ ತಪ್ಪೇ?

ಮಗು ಆನೆಯ ಚಿತ್ರಕ್ಕೆ ಕೆಂಗಂದು ಬಣ್ಣ ಹಚ್ಚಿದರೆ ‘ಅಳಿಸು, ಬೂದು ಹಚ್ಚು’ ಎಂದು ಗದರುವ ಹಿರಿಯರೇ ಹೆಚ್ಚು. ಪಾಪ, ತಪ್ಪು ಮಗುವಿನದಲ್ಲ! ಬಂಡೀಪುರ, ನಾಗರಹೊಳೆಯ ಆನೆಗಳು ಮೈಮೇಲೆ ಕೆಮ್ಮಣ್ಣು ಎರಚಿಕೊಂಡಾಗ ಕೆಂಪಗೇ ಕಾಣುತ್ತವೆ. ಮೊದಲು ಬೂದು ಬಳಿದು, ಒಣಗಿದ ಮೇಲೆ ತಲೆ, ಬೆನ್ನಿಗಷ್ಟೇ ಕೆಂಗಂದು ಸವರಿದರೆ ಆನೆಗೆ ಜೀವ ಬಂದೀತು.

ಹುಲಿಯ ಪಟ್ಟೆಗಳನ್ನು ನೋಡಿ ನಕಲು ಮಾಡುವ ಗೋಜೂ ಬೇಡ. ಎರಡು ಹುಲಿಗಳ ಪಟ್ಟೆ ಎಂದೂ ಒಂದೇ ತೆರನಾಗಿರುವುದಿಲ್ಲ. ಕಾಡುಕೋಣಕ್ಕೆ ಮಾತ್ರ ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ ತೊಡಿಸಲು ಮರೆಯಬಾರದು.

ಮಕ್ಕಳಿಗೆ ನಿಜವಾದ ತಲೆನೋವು ಜಿಂಕೆಯ ಚುಕ್ಕೆಗಳು. ಬಿಳಿ ಕ್ರೆಯಾನಿನಿಂದ ಮೊದಲು ಚುಕ್ಕೆಗಳನ್ನು ಒತ್ತಿ ಬರೆದು, ಮೇಲೆ ತೆಳುವಾಗಿ ಕಂದು ವಾಟರ್ ಕಲರ್ ಎಳೆಯಬೇಕು. ಮೇಣಕ್ಕೆ ನೀರು ಅಂಟುವುದಿಲ್ಲ. ಚುಕ್ಕೆಗಳು ತಾವಾಗಿಯೇ ಬೆಳ್ಳಗೆ ಉಳಿಯುತ್ತವೆ.