ಬರೆದುದಕ್ಕೆ ಓದುಗನು ಬೇಕು

ನಮ್ಮ ಮಕ್ಕಳು ಶಾಲೆಯಲ್ಲಿ ವರ್ಷಕ್ಕೆ ಎಷ್ಟೋ ಪ್ರಬಂಧಗಳನ್ನು ಬರೆಯುತ್ತಾರೆ. ಅವನ್ನು ಓದುವವರು ಎಷ್ಟು ಮಂದಿ? ಅಧ್ಯಾಪಕರೊಬ್ಬರೇ. ಅವರು ಓದುವುದೂ ಬಹುಮಟ್ಟಿಗೆ ತಪ್ಪುಗಳನ್ನು ತಿದ್ದುವುದಕ್ಕಾಗಿ. ಕೆಂಪು ಶಾಯಿಯ ಗುರುತು ಹೊತ್ತ ಆ ಪುಸ್ತಕವು ಬೇಸಗೆಯ ರಜೆಯಲ್ಲಿ ರದ್ದಿಯ ಪಾಲಾಗುತ್ತದೆ. ಯಾರೂ ಓದದ ಬರವಣಿಗೆಯಲ್ಲಿ ಮಗುವಿಗೆ ಆಸಕ್ತಿ ಹುಟ್ಟಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಈ ಪ್ರಶ್ನೆ ಹೊಸದಲ್ಲ. ಫ್ರಾನ್ಸ್ ದೇಶದ ಸೆಲೆಸ್ತಾಂ ಫ್ರೆನೆ ಎಂಬ ಅಧ್ಯಾಪಕರು ಒಂದನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ತಿಂದು ಬಂದವರು. ಹೆಚ್ಚು ಹೊತ್ತು ಮಾತನಾಡಿ ಪಾಠ ಹೇಳುವುದು ಅವರಿಗೆ ಕಷ್ಟವಾಗಿತ್ತು. 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಬೆಟ್ಟದೂರಿನ ಶಾಲೆಗೆ ಬಂದ ಅವರು, 1924ರಲ್ಲಿ ತರಗತಿಗೆ ಒಂದು ಚಿಕ್ಕ ಅಚ್ಚಿನ ಯಂತ್ರವನ್ನು ತಂದರು. ಮಕ್ಕಳು ಊರಲ್ಲಿ ಸುತ್ತಾಡಿ ಕಂಡುದನ್ನು ಬರೆದರು. ತಾವೇ ಅಕ್ಷರದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕಿದರು. 1926ರಿಂದ ಆ ಹಾಳೆಗಳು ಬ್ರಿಟ್ಟನಿಯ ಕಡಲ ಕರೆಯ ಟ್ರೆಗುಂಕ್ ಊರಿನ ಶಾಲೆಗೆ ಅಂಚೆಯಲ್ಲಿ ಹೋಗತೊಡಗಿದವು. ಅಲ್ಲಿಂದಲೂ ಹಾಳೆಗಳು ಬಂದವು. ಬೆಟ್ಟದ ಮಗುವಿಗೆ ಕಡಲಿನ ಮಗು ಓದುಗನಾಯಿತು.

ಇಂದಿನ ಬ್ಲಾಗು ಆ ಅಚ್ಚಿನ ಯಂತ್ರದ ಮೊಮ್ಮಗನೆನ್ನಬಹುದು. ಮೊಳೆ ಜೋಡಿಸುವ ಶ್ರಮವೂ ಅಂಚೆಯ ವೆಚ್ಚವೂ ಇದಕ್ಕಿಲ್ಲ. ಬರೆದುದು ದಿನಾಂಕದೊಡನೆ ಅಂತರ್ಜಾಲದ ಪುಟವನ್ನೇರುತ್ತದೆ. ಓದಿದವರು ಅದರ ಕೆಳಗೆ ಮಾರುತ್ತರ ಬರೆಯುತ್ತಾರೆ.

ಓದುಗರು ದೊರೆತಾಗ ಮಗುವಿನ ಬರವಣಿಗೆಗೆ ಎಂಥ ಬಲ ಬರುತ್ತದೆಂಬುದನ್ನು 2012ರಲ್ಲಿ ಸ್ಕಾಟ್ಲೆಂಡಿನ ಒಂಬತ್ತು ವರ್ಷದ ಬಾಲಕಿ ಮಾರ್ಥಾ ಪೇನ್ ತೋರಿಸಿಕೊಟ್ಟಳು. ತಂದೆಯ ನೆರವಿನಿಂದ ಬ್ಲಾಗು ತೆರೆದು, ಶಾಲೆಯ ಮಧ್ಯಾಹ್ನದ ಊಟದ ಚಿತ್ರವನ್ನು ಹಾಕಿ, ರುಚಿಗೂ ಆರೋಗ್ಯಕ್ಕೂ ಅಂಕ ಕೊಟ್ಟು, ಎಷ್ಟು ತುತ್ತು ಇತ್ತೆಂದು ಎಣಿಸಿ ಬರೆದಳು. ಬೇರೆ ದೇಶಗಳ ಮಕ್ಕಳು ತಮ್ಮ ತಟ್ಟೆಯ ಚಿತ್ರಗಳನ್ನು ಕಳುಹಿಸಿದರು. ಜೂನ್ ತಿಂಗಳಲ್ಲಿ ಸ್ಥಳೀಯ ಆಡಳಿತವು ಚಿತ್ರ ತೆಗೆಯಬಾರದೆಂದು ತಡೆಯಿತು. ಲೋಕವೆಲ್ಲ ಪ್ರಶ್ನಿಸಲು, ಮರುದಿನವೇ ಆ ಆಜ್ಞೆಯನ್ನು ಹಿಂದೆಗೆದುಕೊಂಡಿತು. ಆ ಬ್ಲಾಗಿನ ಮೂಲಕ ಒಟ್ಟುಗೂಡಿದ ಒಂದು ಲಕ್ಷ ಪೌಂಡಿಗೂ ಮಿಕ್ಕಿದ ಹಣ ಬಡ ಮಕ್ಕಳ ಶಾಲೆಯೂಟಕ್ಕೆ ಸಂದಿತು; ಆಫ್ರಿಕದ ಮಲಾವಿಯಲ್ಲಿ ಒಂದು ಶಾಲೆಗೆ ಅಡುಗೆಮನೆಯೂ ಆಯಿತು. ಕಂಡುದನ್ನು ಕಂಡಂತೆ, ಎಣಿಸಿ ಅಳೆದು ಬರೆದುದೇ ಅವಳ ಬರವಣಿಗೆಯ ಗುಣ. ಇದಕ್ಕಿಂತ ಒಳ್ಳೆಯ ಪ್ರಬಂಧಪಾಠ ಬೇರೆ ಯಾವುದು?

ಬರೆಯುವುದು ಒಂದು ಮುಖವಾದರೆ ಓದುವುದು ಇನ್ನೊಂದು. ಹತ್ತು ತಾಣಗಳನ್ನು ಒಂದೊಂದಾಗಿ ಹುಡುಕಿ ಹೋಗುವ ಬದಲು, ಅಲ್ಲಿ ಹೊಸತಾಗಿ ಪ್ರಕಟವಾದುದೆಲ್ಲ ಒಂದೇ ಪುಟಕ್ಕೆ ತಾನಾಗಿ ಬಂದು ಸೇರುವ ಏರ್ಪಾಡಿಗೆ ಫೀಡ್ ಎಂದು ಹೆಸರು. 1999ರಲ್ಲಿ ರೂಪುಗೊಂಡ ಆರೆಸ್ಸೆಸ್ ಎಂಬ ವಿಧಾನ ಇದಕ್ಕೆ ಆಧಾರ. 2000ದಲ್ಲಿ ಅದರ ಒಂದು ಆವೃತ್ತಿಯನ್ನು ರೂಪಿಸಿದವರಲ್ಲಿ ಹದಿನಾಲ್ಕು ವರ್ಷದ ಆರನ್ ಸ್ವಾರ್ಟ್ಸ್ ಒಬ್ಬನೆಂಬುದನ್ನು ನಮ್ಮ ಹುಡುಗರಿಗೆ ಹೇಳಬೇಕು. ಗೂಗಲ್ ರೀಡರ್ 2013ರಲ್ಲಿ ಮುಚ್ಚಿದರೂ ಈ ವಿಧಾನ ಅಳಿದಿಲ್ಲ. ಫೀಡ್ ಓದುವ ಬೇರೆ ಸಾಧನಗಳಿವೆ. ಇಲ್ಲಿ ತಾಣಗಳನ್ನು ಆರಿಸುವವರು ಅಧ್ಯಾಪಕರು. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಿಂದ ಓದಿಸಿ, ಎಲ್ಲಿ ಒಮ್ಮತ, ಎಲ್ಲಿ ಭೇದ ಎಂದು ಮಕ್ಕಳನ್ನೇ ಕೇಳಿದರೆ, ಸುಳ್ಳುಸುದ್ದಿಯ ಈ ಕಾಲದಲ್ಲಿ ಅದೊಂದು ರಕ್ಷೆಯಾದೀತು.

ಗಡಿನಾಡಿನವರಾದ ನಮಗೆ ಇದರಲ್ಲಿ ವಿಶೇಷ ಪ್ರಯೋಜನವಿದೆ. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ನುಡಿಯನ್ನೋ ಕೊಂಕಣಿಯನ್ನೋ ಆಡುತ್ತದೆ. ಬೀದಿಯಲ್ಲಿ ಮಲಯಾಳವನ್ನು ಕೇಳುತ್ತದೆ. ಬರೆಯುವ ಕನ್ನಡ ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಉಳಿದರೆ, ಪರೀಕ್ಷೆ ಮುಗಿದಂದೇ ಅದೂ ಮುಗಿಯುತ್ತದೆ. ಆ ಮಗು ತನ್ನ ಮನೆಯ ಹಿಂದಿನ ಗುಡ್ಡದಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತಂದ ಸುರಂಗದ ಕಥೆಯನ್ನು ಬರೆಯಲಿ. ಮಳೆ ಕಾಣದ ಜತ್ತದ ಕನ್ನಡ ಶಾಲೆಯ ಮಗು ಅದನ್ನೋದಿ, ತನ್ನೂರಿನಲ್ಲಿ ನೀರಿಗೆ ಪಡುವ ಪಾಡನ್ನು ತನ್ನ ಕನ್ನಡದಲ್ಲಿ ಮರಳಿ ಬರೆಯಲಿ. ನಡುವೆ ರಾಜ್ಯಗಳ ಗಡಿಗಳೆಷ್ಟಿದ್ದರೇನು? ಕಡಲ ಕರೆಯ ಮಗುವಿಗೂ ಬಯಲುಸೀಮೆಯ ಮಗುವಿಗೂ ಕನ್ನಡ ಅಗತ್ಯವಾದ ಭಾಷೆಯಾಗುತ್ತದೆ.

ಎಚ್ಚರಿಕೆಯೂ ಬೇಕು. ಮಗುವಿನ ಪೂರ್ಣ ಹೆಸರು, ಭಾವಚಿತ್ರ, ಮನೆಯ ವಿಳಾಸ ಪ್ರಕಟವಾಗಬಾರದು. ಹೊರಗಿನವರ ಮಾರುತ್ತರಗಳನ್ನು ಮೊದಲು ಅಧ್ಯಾಪಕರು ನೋಡಬೇಕು. ಹೆತ್ತವರ ಒಪ್ಪಿಗೆ ಇರಬೇಕು. ಬೇರೆಯವರು ಬರೆದುದನ್ನು ನಕಲು ಮಾಡಿ ತನ್ನದೆನ್ನುವುದು ತಪ್ಪೆಂದು ಮೊದಲ ದಿನವೇ ತಿಳಿಸಬೇಕು. ಮಕ್ಕಳಿಗೆಲ್ಲ ಒಂದೊಂದು ಯಂತ್ರ ಬೇಕಾಗಿಲ್ಲ. ಕಾಗದದಲ್ಲಿ ಬರೆದುದನ್ನು ವಾರಕ್ಕೊಮ್ಮೆ ಶಾಲೆಯ ಒಂದೇ ಗಣಕದಲ್ಲಿ ಸರದಿಯಂತೆ ಏರಿಸಿದರೂ ಸಾಕು.

ಅಷ್ಟೂ ಸಾಧ್ಯವಿಲ್ಲದಲ್ಲಿ, ವಾಚಕರೇ, ನಿಮ್ಮ ಮನೆಯಲ್ಲಿಯೇ ಆರಂಭಿಸಬಹುದು. ಇಂದು ಸಂಜೆ ಮಗುವಿನ ಪ್ರಬಂಧದ ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿ. ತಪ್ಪು ಹುಡುಕದೆ ಓದಿ. ಓದಿ ಮುಗಿಸಿದ ಮೇಲೆ, “ಆಮೇಲೇನಾಯಿತು?” ಎಂದು ಕೇಳಿ. ಅದರ ಮೊದಲ ಓದುಗರು ನೀವೇ ಆಗಿರಿ.