ಥರ್ಮಾಮೀಟರ್ ಒಡೆದಾಗ ಪೊರಕೆ ಹಿಡಿಯಬೇಡಿ

ಚಿತ್ರದುರ್ಗದ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಉತ್ಖನನ ಮಾಡಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ನೆಲವನ್ನು ಮತ್ತೆ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಆ ಮಣ್ಣಿನಲ್ಲಿ ಸಿಕ್ಕಿವೆ. ಅಂಗೈಯಲ್ಲಿಟ್ಟರೆ ಭಾರವೆನಿಸುವ ಅಂಥ ಒಂದು ಸೀಸದ ಬಿಲ್ಲೆಯನ್ನು ಪಾದರಸದ ಬಟ್ಟಲಿಗೆ ಹಾಕಿದರೆ ಅದು ಮುಳುಗುವುದಿಲ್ಲ, ತೇಲುತ್ತದೆ. ಸೀಸ ನೀರಿಗಿಂತ 11.3 ಪಟ್ಟು ಭಾರ, ಪಾದರಸ 13.5 ಪಟ್ಟು.

ಇಷ್ಟು ಭಾರದ ಈ ದ್ರವಲೋಹ ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿದೆ. ಮಗುವಿಗೆ ಜ್ವರ, ನಡುರಾತ್ರಿ. ಪಾದರಸ ಕೆಳಗಿಳಿಯಲೆಂದು ಥರ್ಮಾಮೀಟರನ್ನು ಕೊಡವುವಾಗ ಅದು ಮಂಚದ ಅಂಚಿಗೆ ಬಡಿದು ಚೂರಾಗುತ್ತದೆ. ಬೆಳ್ಳಿಯ ಹನಿಗಳು ನೆಲದ ಮೇಲೆ ಉರುಳುತ್ತವೆ. ಆಗ ಕೈ ತಾನಾಗಿ ಪೊರಕೆಯ ಕಡೆಗೆ ಹೋಗುತ್ತದೆ. ಅದನ್ನೇ ಮಾಡಬಾರದು.

ಲೆಕ್ಕ ಹಾಕಿ ನೋಡೋಣ. ಜ್ವರ ನೋಡುವ ಥರ್ಮಾಮೀಟರಿನಲ್ಲಿ ಇರುವುದು ಸುಮಾರು ಒಂದು ಗ್ರಾಂ ಪಾದರಸ. ಅಷ್ಟೂ ಒಂದೇ ಗುಂಡಾಗಿ ನಿಂತರೆ ಅಡ್ಡಳತೆ ಸುಮಾರು 5 ಮಿಲಿಮೀಟರ್, ಒಂದು ಬಟಾಣಿಗಿಂತ ಚಿಕ್ಕದು. ಪೊರಕೆಯ ಕಡ್ಡಿಗಳು ಅದನ್ನು ಅರ್ಧ ಮಿಲಿಮೀಟರಿನ ಸಾವಿರ ಹನಿಗಳಾಗಿ ಒಡೆದವು ಎಂದುಕೊಳ್ಳಿ. ತೂಕ ಅಷ್ಟೇ ಇರುತ್ತದೆ. ಆದರೆ ಗಾಳಿಗೆ ತೆರೆದುಕೊಂಡ ಮೈ ಹತ್ತು ಪಟ್ಟು ಹೆಚ್ಚುತ್ತದೆ. ಪಾದರಸ ಆವಿಯಾಗುವುದು ಆ ಮೈಯಿಂದಲೇ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು. ಅದು ಹನಿಗಳನ್ನು ಹೀರಿ, ಮೋಟಾರಿನ ಬಿಸಿಯಲ್ಲಿ ಆವಿ ಮಾಡಿ, ಮನೆ ತುಂಬ ಊದುತ್ತದೆ.

ಪಾದರಸ ನುಂಗಿದರೆ ಪ್ರಾಣವೇ ಹೋಗುತ್ತದೆ ಎಂದು ನಮ್ಮ ಜನ ಹೆದರುತ್ತಾರೆ, ಅದರ ಆವಿಗೆ ಯಾರೂ ಹೆದರುವುದಿಲ್ಲ. ನಿಜ ತಿರುಗುಮುರುಗಾಗಿದೆ. ಥರ್ಮಾಮೀಟರಿನ ಪಾದರಸ ಹೊಟ್ಟೆಗೆ ಹೋದರೆ ಹೆಚ್ಚುಕಡಿಮೆ ಎಲ್ಲವೂ ಮಲದಲ್ಲಿ ಹೊರಬೀಳುತ್ತದೆ. ಅಲ್ಲಿ ಗಾಜಿನ ಚೂರಿನ ಅಪಾಯವೇ ದೊಡ್ಡದು, ಅದಕ್ಕಾಗಿ ವೈದ್ಯರನ್ನು ಕಾಣಲೇಬೇಕು. ಉಸಿರಿನಲ್ಲಿ ಹೋದ ಆವಿಯಾದರೋ ನೂರಕ್ಕೆ ಎಂಬತ್ತರಷ್ಟು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳು ಮತ್ತು ಮೂತ್ರಪಿಂಡಕ್ಕೆ. ಈ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಹಾಗೆಂದು ಗಾಬರಿ ಬೇಡ. ಒಡೆದ ಕೂಡಲೇ ಎತ್ತಿ, ಕೋಣೆಗೆ ಗಾಳಿಯಾಡಲು ಬಿಟ್ಟರೆ ಒಂದು ಥರ್ಮಾಮೀಟರಿನಿಂದ ಕೆಡುಕಾಗುವುದು ಅಪರೂಪ. ಕಡಪಾ ಕಲ್ಲಿನ ಸಂದಿಯಲ್ಲೋ ಮಂಚದ ಕೆಳಗೋ ತಿಂಗಳುಗಟ್ಟಲೆ ಉಳಿದ ಹನಿಯದೇ ಚಿಂತೆ. ಬಯಲುಸೀಮೆಯ ಬೇಸಿಗೆ ಆ ಚಿಂತೆಯನ್ನು ಹೆಚ್ಚಿಸುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಪಾದರಸದ ಆವಿಯ ಒತ್ತಡ ಸುಮಾರು ಐದು ಪಟ್ಟು. ನೆಲದ ಮೇಲೆ ಅಂಬೆಗಾಲಿಡುವ ಮಗು ಆ ಆವಿಗೆ ಎಲ್ಲರಿಗಿಂತ ಹತ್ತಿರ.

ಆದ್ದರಿಂದ ಮೊದಲು ಮಕ್ಕಳು, ಬಸುರಿಯರು, ನಾಯಿ ಬೆಕ್ಕು ಕೋಣೆಯಿಂದ ಹೊರಗೆ. ಫ್ಯಾನ್ ಆರಿಸಿ, ಒಳಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆಯಿರಿ. ಬಳೆ ಉಂಗುರ ತೆಗೆದಿಡಿ, ತಾಳಿಸರವನ್ನು ಸೆರಗಿನೊಳಗೆ ಸೇರಿಸಿ. ಪಾದರಸ ತಗುಲಿದರೆ ಚಿನ್ನ ಬೆಳ್ಳಗಾಗಿ ಕೆಡುತ್ತದೆ. ಚಿನ್ನಕ್ಕೂ ಪಾದರಸಕ್ಕೂ ಇರುವ ಈ ನಂಟನ್ನು ಕೋಲಾರದ ಗಣಿಯವರು ಬಲ್ಲವರಾಗಿದ್ದರು: ಪುಡಿಮಾಡಿದ ಅದಿರನ್ನು ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿ ಚಿನ್ನದ ಕಣಗಳನ್ನು ಹಿಡಿಯುತ್ತಿದ್ದರು.

ಕೈಗೆ ರಬ್ಬರ್ ಗ್ಲೌಸ್, ಇಲ್ಲವಾದರೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಗಾಜಿನ ಚೂರುಗಳನ್ನು ಮೊದಲು ಎತ್ತಿ. ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದರೆ ಮೂಲೆಯಲ್ಲಿ ಅಡಗಿದ ಹನಿಗಳೂ ಹೊಳೆಯುತ್ತವೆ. ಹಳೆಯ ಲಗ್ನಪತ್ರಿಕೆಯಂಥ ಗಟ್ಟಿ ಕಾಗದದಿಂದ ಹನಿಗಳನ್ನು ಮೆಲ್ಲಗೆ ಒಂದರೊಳಗೊಂದು ಸೇರಿಸಿ. ತಾಗಿದ ತಕ್ಷಣ ಅವು ಒಂದಾಗುತ್ತವೆ. ಕೂಡಿದ ಗುಂಡನ್ನು ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು ಬಿಗಿ ಮುಚ್ಚಳದ ಬಾಟಲಿಗೆ ಬಿಡಿ. ಸಾಸಿವೆಗಿಂತ ಸಣ್ಣ ಚುಕ್ಕೆಗಳಿಗೆ ಅಂಟುಟೇಪು ಸಾಕು. ಸಂದಿಗೆ ಇಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸುವುದುಂಟು. ಅದು ಪಾದರಸದೊಡನೆ ಬೆರೆತು ಸುಲಭವಾಗಿ ಆವಿಯಾಗದ ಸಲ್ಫೈಡ್ ಆಗುತ್ತದೆ, ಆಯುರ್ವೇದದವರ ಕಜ್ಜಳಿಯಲ್ಲಿ ಆಗುವಂತೆ. ಆದರೆ ಅದು ನಿಧಾನದ ಕೆಲಸ, ಹನಿ ಎತ್ತುವುದಕ್ಕೆ ಬದಲಿಯಲ್ಲ. ಬಳಸಿದ ಕಾಗದ, ಗ್ಲೌಸ್, ಸಿರಿಂಜು, ಗಾಜು ಎಲ್ಲವೂ ಒಂದು ಚೀಲಕ್ಕೆ ಹೋಗಲಿ. ಕೋಣೆಗೆ ಒಂದು ದಿನ ಗಾಳಿಯಾಡಲಿ.

ಪಾದರಸ ಚಳ್ಳಕೆರೆಯ ಕಂಬಳಿಯ ಮೇಲೋ ಹಾಸಿಗೆಯ ಮೇಲೋ ಬಿದ್ದಿದ್ದರೆ ಒಗೆಯಲು ಹಾಕಬೇಡಿ. ತಾಗಿದ ಭಾಗವನ್ನು ಕತ್ತರಿಸಿ ಅದೇ ಚೀಲಕ್ಕೆ ಸೇರಿಸಿ. ಬಟ್ಟೆ ಒಗೆದ ನೀರಿನೊಡನೆ ಪಾದರಸವೂ ಬಚ್ಚಲಿನ ಮೂಲಕ ಚರಂಡಿಗೆ, ಅಲ್ಲಿಂದ ಕೆರೆಗೆ ಸೇರುತ್ತದೆ. ಕೆರೆಯ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನಿನಿಂದ ಮೀನಿಗೆ ಹೆಚ್ಚುತ್ತ ಊಟದ ತಟ್ಟೆಗೆ ಬರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗಕ್ಕೆ ಕಾರಣವಾದದ್ದು ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಇದೇ ಮಿಥೈಲ್ ಪಾದರಸ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿತು. ನಮಗೆ ಹತ್ತಿರದ ಪಾಠ ಕೊಡೈಕೆನಾಲ್. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಅಂಟಿದ ಗಾಜು 2001ರಲ್ಲಿ ಗುಜರಿ ಅಂಗಡಿಯಲ್ಲಿ ಟನ್ನುಗಟ್ಟಲೆ ಪತ್ತೆಯಾಯಿತು, ಕಾರ್ಖಾನೆ ಮುಚ್ಚಿತು.

ಕಸಕ್ಕೆ ಹಾಕಿ ಬೆಂಕಿ ಇಟ್ಟರೂ ಪಾದರಸ ನಾಶವಾಗುವುದಿಲ್ಲ, ಆವಿಯಾಗಿ ಬೀದಿಯವರ ಉಸಿರಿಗೆ ಹೋಗುತ್ತದೆ. ಅದು ಮೂಲಧಾತು, ಕೊಳೆಯುವಂಥದ್ದಲ್ಲ. ಸುಮಾರು ಎರಡು ಸಾವಿರ ವರ್ಷ ಚಂದ್ರವಳ್ಳಿಯ ಮಣ್ಣಿನಲ್ಲಿದ್ದ ಸೀಸ ಇಂದಿಗೂ ಸೀಸವೇ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಡೆದ ಪಾದರಸದ ಥರ್ಮಾಮೀಟರನ್ನು ಹೆಸರು ಹಿಡಿದೇ ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದವು. ಪ್ರತಿ 20 ಚದರ ಕಿಲೋಮೀಟರಿಗೆ ಇಂಥ ತ್ಯಾಜ್ಯ ಸ್ವೀಕರಿಸುವ ಒಂದು ಕೇಂದ್ರವಿರಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಚಿತ್ರದುರ್ಗವಿರಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇರಲಿ, ನಿಮ್ಮ ಊರಿನ ಕೇಂದ್ರ ಎಲ್ಲಿದೆ ಎಂದು ಸ್ಥಳೀಯ ಸಂಸ್ಥೆಯ ಕಚೇರಿಗೆ ಹೋಗಿ ಕೇಳಿ. ಉತ್ತರ ಸಿಗುವವರೆಗೆ ಬಾಟಲಿಯ ಮೇಲೆ ‘ಪಾದರಸ, ತೆರೆಯಬೇಡಿ’ ಎಂದು ಬರೆದು, ಮಕ್ಕಳ ಕೈಗೆಟುಕದಂತೆ ಮನೆಯ ಹೊರಗೆ ನೆರಳಿನಲ್ಲಿಡಿ. ಒಡೆಯದ ಥರ್ಮಾಮೀಟರ್ ಮನೆಯಲ್ಲಿದ್ದರೆ ಅದನ್ನೂ ಇಡಿಯಾಗಿರುವಾಗಲೇ ಒಪ್ಪಿಸಿ, ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ.